ಅಪ್ಪನ ಆಸ್ತಿಗೆ ತೆರಿಗೆ ಇದೆಯೇ? ಗಡಿಯ ಎರಡೂ ಕಡೆ ಆಸ್ತಿ ಇರುವವರು ತಿಳಿದಿರಬೇಕಾದ ವಿಷಯಗಳು

ಮರಿಕಲ್, ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆಯ ನಮ್ಮ ಸದಸ್ಯರು ಸೇರಿದಾಗ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಅಪ್ಪನ ಹೊಲ, ಮನೆ ನಮ್ಮ ಹೆಸರಿಗೆ ಬಂದರೆ ಸರ್ಕಾರಕ್ಕೆ ಎಷ್ಟು ತೆರಿಗೆ ಕಟ್ಟಬೇಕು?" 2024ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಸ್ಯಾಮ್ ಪಿತ್ರೋಡಾ ಅವರು ಅಮೆರಿಕದ ವಾರಸು ತೆರಿಗೆಯ ಬಗ್ಗೆ ಆಡಿದ ಮಾತು ದೊಡ್ಡ ಚರ್ಚೆಯಾದ ಮೇಲೆ ಈ ಆತಂಕ ಇನ್ನೂ ಹೆಚ್ಚಾಗಿದೆ.

ಉತ್ತರ ಚಿಕ್ಕದು. ಭಾರತದಲ್ಲಿ ಈಗ ವಾರಸು ತೆರಿಗೆ ಇಲ್ಲ. ತಂದೆ-ತಾಯಿಯಿಂದ ಬಂದ ಆಸ್ತಿ ಎಷ್ಟೇ ಬೆಲೆಯದಾದರೂ, ಬಂದಿತು ಎಂಬ ಒಂದೇ ಕಾರಣಕ್ಕೆ ತೆರಿಗೆ ಬೀಳುವುದಿಲ್ಲ. ಆದರೆ ಗಡಿ ಭಾಗದ ಮನೆಗಳಲ್ಲಿ ಹಣ ಮತ್ತು ನೆಮ್ಮದಿ ಎರಡೂ ಹೋಗುವುದು ಬೇರೆ ದಾರಿಯಲ್ಲಿ. ಹೊಲ ಮರಿಕಲ್ ಹತ್ತಿರ, ಪ್ಲಾಟು ರಾಯಚೂರಿನಲ್ಲಿ, ಠೇವಣಿ ಗದ್ವಾಲದ ಬ್ಯಾಂಕಿನಲ್ಲಿ, ಮಗಳನ್ನು ಕೊಟ್ಟದ್ದು ಯಾದಗಿರಿಗೆ, ಮಗ ಬೆಂಗಳೂರಿನಲ್ಲೋ ಅಮೆರಿಕದಲ್ಲೋ. ಯಜಮಾನರು ಇದ್ದಾಗ ಇದೆಲ್ಲ ಅವರ ತಲೆಯಲ್ಲಿ ಇರುತ್ತದೆ. ಅವರು ಹೋದ ಮೇಲೆ ಎರಡು ರಾಜ್ಯಗಳ ಕಚೇರಿಗಳಲ್ಲಿ ಹುಡುಕಬೇಕಾಗುತ್ತದೆ. ಆದ್ದರಿಂದ ಈ ಬಾರಿ ತೆರಿಗೆಯ ಲೆಕ್ಕವನ್ನೂ ಅದರ ಜೊತೆಗೆ ಮಾಡಿಕೊಳ್ಳಬೇಕಾದ ಸಿದ್ಧತೆಯನ್ನೂ ಒಟ್ಟಿಗೆ ಬರೆಯುತ್ತಿದ್ದೇವೆ.

ಹಿಂದೆ ಇತ್ತು, ಈಗ ಇಲ್ಲ

ಹಿರಿಯರು "ಸತ್ತರೂ ತೆರಿಗೆ ಇತ್ತು" ಎನ್ನುವುದು ಸುಳ್ಳಲ್ಲ. 1953ರ ಎಸ್ಟೇಟ್ ಡ್ಯೂಟಿ ಕಾಯ್ದೆ ಆ ವರ್ಷದ ಅಕ್ಟೋಬರ್ 15ರಿಂದ ಜಾರಿಯಲ್ಲಿತ್ತು. ತೀರಿಹೋದವರ ಆಸ್ತಿಯ ಬೆಲೆ ಒಂದು ಮಿತಿ ದಾಟಿದರೆ ಹಂತ ಹಂತವಾಗಿ ತೆರಿಗೆ ಏರುತ್ತಿತ್ತು. ಮೇಲಿನ ಹಂತದಲ್ಲಿ ಅದು ಶೇ. 85ರವರೆಗೂ ಹೋಗಿತ್ತು. ದರ ಇಷ್ಟಿದ್ದರೂ ಸರ್ಕಾರಕ್ಕೆ ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 20 ಕೋಟಿ ರೂಪಾಯಿ ಮಾತ್ರ. ವಸೂಲಿಯ ಖರ್ಚು ಮತ್ತು ವ್ಯಾಜ್ಯ ಜಾಸ್ತಿ, ಫಲ ಕಡಿಮೆ ಎಂದು ಆಗಿನ ಹಣಕಾಸು ಸಚಿವ ವಿ.ಪಿ. ಸಿಂಗ್ ಅವರು 1985ರ ಬಜೆಟ್ಟಿನಲ್ಲಿ ಅದನ್ನು ಕೈಬಿಟ್ಟರು. 1985ರ ಮಾರ್ಚ್ 16 ಮತ್ತು ಅದರ ನಂತರದ ಸಾವುಗಳಿಗೆ ಈ ತೆರಿಗೆ ಇಲ್ಲ. ದಾನ ತೆರಿಗೆ ಕಾಯ್ದೆ 1998ರಲ್ಲಿ, ಸಂಪತ್ತು ತೆರಿಗೆ 2015ರ ಬಜೆಟ್ಟಿನಲ್ಲಿ ಹೋದವು.

ಸಂವಿಧಾನದಲ್ಲಿ ಕೃಷಿ ಭೂಮಿಯ ಮೇಲಿನ ವಾರಸು ತೆರಿಗೆ ರಾಜ್ಯಗಳ ಪಟ್ಟಿಯಲ್ಲಿದೆ, ಉಳಿದ ಆಸ್ತಿಯದು ಕೇಂದ್ರದ ಪಟ್ಟಿಯಲ್ಲಿದೆ. ಅಂದರೆ ಮುಂದೆ ಎಂದಾದರೂ ಇಂಥ ತೆರಿಗೆ ತರಬೇಕೆಂದರೂ ಹೊಸ ಕಾನೂನು ಆಗಬೇಕು. ಯಾರಾದರೂ "ಬೇಗ ಮಕ್ಕಳ ಹೆಸರಿಗೆ ಮಾಡಿಬಿಡಿ, ತೆರಿಗೆ ಬರುತ್ತದೆ" ಎಂದು ಅವಸರಪಡಿಸಿದರೆ ನಂಬಬೇಡಿ.

ಹಾಗಾದರೆ ತೆರಿಗೆ ಎಲ್ಲಿ ಬರುತ್ತದೆ?

ಮೂರು ಕಡೆ ಬರುತ್ತದೆ.

ಒಂದು, ಆಸ್ತಿಯಿಂದ ಬರುವ ಆದಾಯ. ಮನೆಯ ಬಾಡಿಗೆ, ಠೇವಣಿಯ ಬಡ್ಡಿ ಇವು ತೀರಿಹೋದ ದಿನದವರೆಗೆ ಅವರ ಆದಾಯ, ಆಮೇಲೆ ವಾರಸುದಾರರ ಆದಾಯ.

ಎರಡು, ತೀರಿಹೋದವರ ಬಾಕಿ. ಅವರು ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕಿದ್ದರೆ ವಾರಸುದಾರರಲ್ಲಿ ಒಬ್ಬರು ಇಲಾಖೆಯ ಪೋರ್ಟಲ್‌ನಲ್ಲಿ ಪ್ರತಿನಿಧಿಯಾಗಿ ಹೆಸರು ನೋಂದಾಯಿಸಿ ಅವರ ಪರವಾಗಿ ಸಲ್ಲಿಸಬೇಕು. ಬಾಕಿ ಇದ್ದರೆ, ಬಂದ ಆಸ್ತಿಯ ಬೆಲೆಯಷ್ಟಕ್ಕೆ ಮಾತ್ರ ವಾರಸುದಾರರು ಹೊಣೆ. ಬ್ಯಾಂಕಿನ ಬೆಳೆ ಸಾಲಕ್ಕೂ ಇದೇ ನಿಯಮ. ಸಾಲಕ್ಕೆ ನೀವು ಜಾಮೀನು ಹಾಕಿರದಿದ್ದರೆ, ಅಪ್ಪನ ಸಾಲವನ್ನು ನಿಮ್ಮ ಸ್ವಂತ ದುಡಿಮೆಯಿಂದ ತೀರಿಸಬೇಕಾಗಿಲ್ಲ.

ಮೂರು, ಮಾರಿದಾಗ. ಬಹಳ ಮಂದಿ ಎಡವುವುದು ಇಲ್ಲೇ. ವಾರಸಾಗಿ ಬಂದ ಪ್ಲಾಟನ್ನೋ ಮನೆಯನ್ನೋ ಮಾರಿದರೆ ಬಂದ ಲಾಭಕ್ಕೆ ತೆರಿಗೆ ಇದೆ. ಲಾಭ ಲೆಕ್ಕ ಹಾಕುವಾಗ "ನನಗೆ ಪುಕ್ಕಟೆ ಬಂತು" ಎಂದು ಮೂಲ ಬೆಲೆಯನ್ನು ಸೊನ್ನೆ ಎಂದು ಹಿಡಿಯುವುದಿಲ್ಲ. ತಂದೆ ಕೊಂಡ ಬೆಲೆಯೇ ನಿಮ್ಮ ಬೆಲೆ, ಅವರು ಇಟ್ಟುಕೊಂಡಿದ್ದ ಅವಧಿಯೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಆದರೆ ಅದು ಆ ದಿನದ ಸರ್ಕಾರಿ ಮಾರ್ಗಸೂಚಿ ಬೆಲೆಯನ್ನು ಮೀರಬಾರದು.

ಒಂದು ಉದಾಹರಣೆ ನೋಡೋಣ. ತಂದೆ 1995ರಲ್ಲಿ ರಾಯಚೂರಿನಲ್ಲಿ 40,000 ರೂಪಾಯಿಗೆ ಪ್ಲಾಟು ಕೊಂಡಿದ್ದರು. 2015ರಲ್ಲಿ ತೀರಿಕೊಂಡರು. 2001ರಲ್ಲಿ ಅದರ ಬೆಲೆ 1 ಲಕ್ಷ. ಮಗ 2025-26ನೇ ಸಾಲಿನಲ್ಲಿ 30 ಲಕ್ಷಕ್ಕೆ ಮಾರಿದ. ಲಾಭ 29 ಲಕ್ಷ. ಶೇ. 12.5ರಂತೆ ತೆರಿಗೆ 3,62,500 ರೂಪಾಯಿ, ಸೆಸ್ ಬೇರೆ. 2024ರ ಜುಲೈ 23ಕ್ಕಿಂತ ಮೊದಲಿನ ಆಸ್ತಿಯಾದರೆ, ದೇಶದಲ್ಲಿ ವಾಸವಿರುವವರು ಹಳೆಯ ಲೆಕ್ಕವನ್ನೂ ಆರಿಸಿಕೊಳ್ಳಬಹುದು. ಅಂದರೆ ಮೂಲ ಬೆಲೆಯನ್ನು ಹಣದುಬ್ಬರದ ಸೂಚ್ಯಂಕದಂತೆ ಹೆಚ್ಚಿಸಿ, ಲಾಭಕ್ಕೆ ಶೇ. 20 ಕಟ್ಟುವುದು. ಆ ಸಾಲಿನ ಸೂಚ್ಯಂಕ 376. ಪೂರ್ಣ ಸೂಚ್ಯಂಕ ಸಿಕ್ಕರೆ 1 ಲಕ್ಷ 3.76 ಲಕ್ಷವಾಗುತ್ತದೆ, ಲಾಭ 26.24 ಲಕ್ಷ, ತೆರಿಗೆ 5,24,800. ಇಲ್ಲಿ ಹೊಸ ಲೆಕ್ಕವೇ ಲಾಭ. ಆದರೆ 2001ರ ಬೆಲೆ 8 ಲಕ್ಷ ಇದ್ದಿದ್ದರೆ ಹಳೆಯ ಲೆಕ್ಕದಲ್ಲಿ ಮೂಲ ಬೆಲೆ 30.08 ಲಕ್ಷವಾಗಿ ತೆರಿಗೆಯೇ ಇರುತ್ತಿರಲಿಲ್ಲ. ಹೊಸದರಲ್ಲಿ 2,75,000 ಕಟ್ಟಬೇಕಿತ್ತು.

ಇದರಿಂದ ತಿಳಿಯಬೇಕಾದದ್ದು ಒಂದೇ. ಅಪ್ಪನ ಹಳೆಯ ಕ್ರಯಪತ್ರ, 2001ರ ಮಾರ್ಗಸೂಚಿ ಬೆಲೆಯ ದಾಖಲೆ, ಮನೆ ಕಟ್ಟಿದ ಖರ್ಚಿನ ರಸೀದಿ ಇವು ಮುಂದೆ ಲಕ್ಷಗಟ್ಟಲೆ ಉಳಿಸುವ ಕಾಗದಗಳು. ಹಳೆಯ ಪೆಟ್ಟಿಗೆಯಿಂದ ತೆಗೆದು ಎಸೆಯಬೇಡಿ. ಮಾರುವ ಮೊದಲೇ ಆಡಿಟರ್ ಹತ್ತಿರ ಹೋಗಿ. ಬಂದ ಹಣದಲ್ಲಿ ಮನೆ ಕೊಂಡರೆ ಅಥವಾ ನಿಗದಿತ ಬಾಂಡುಗಳಲ್ಲಿ ಹಾಕಿದರೆ ರಿಯಾಯಿತಿ ಇದೆ, ಅದಕ್ಕೆ ಗಡುವೂ ಇದೆ.

ಹೊಲಕ್ಕೆ ಬೇರೆ ಲೆಕ್ಕ

ಹಳ್ಳಿಯ ಕೃಷಿ ಭೂಮಿ ಮಾರಿದರೆ ಬಂದ ಲಾಭಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಯಾವುದು ಹಳ್ಳಿ ಎಂಬುದಕ್ಕೆ ಅಳತೆ ಇದೆ. ಪುರಸಭೆಯ ಜನಸಂಖ್ಯೆ 10 ಸಾವಿರದಿಂದ 1 ಲಕ್ಷದವರೆಗೆ ಇದ್ದರೆ ಅದರ ಗಡಿಯಿಂದ 2 ಕಿ.ಮೀ. ಒಳಗಿನ ಹೊಲ, 1 ಲಕ್ಷದಿಂದ 10 ಲಕ್ಷದವರೆಗೆ ಇದ್ದರೆ 6 ಕಿ.ಮೀ., ಅದಕ್ಕಿಂತ ಹೆಚ್ಚಿದ್ದರೆ 8 ಕಿ.ಮೀ. ಒಳಗಿನ ಹೊಲ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ದೂರವನ್ನು ರಸ್ತೆಯ ಮೇಲೆ ಅಲ್ಲ, ನೇರ ಗೆರೆಯಲ್ಲಿ ಅಳೆಯುತ್ತಾರೆ. 2011ರ ಜನಗಣತಿಯಂತೆ ಮಕ್ತಲ್, ನಾರಾಯಣಪೇಟೆ, ಗದ್ವಾಲ ಮೊದಲನೇ ಗುಂಪಿನವು; ರಾಯಚೂರು ಎರಡನೆಯದು. ಮರಿಕಲ್ ಸುತ್ತಿನ ಹಳ್ಳಿಗಳ ಹೊಲಕ್ಕೆ ಸಾಮಾನ್ಯವಾಗಿ ಚಿಂತೆ ಇಲ್ಲ. ಆದರೆ ನಾಲಾ ಮಾಡಿಸಿ, ಅಥವಾ ಕರ್ನಾಟಕದ ಕಡೆ ಎನ್.ಎ. ಮಾಡಿಸಿ ಪ್ಲಾಟು ಹಾಕಿದರೆ ಅದು ಹೊಲವಾಗಿ ಉಳಿಯುವುದಿಲ್ಲ.

ಸೇತುವೆಯ ಈಚೆ ವಿರಾಸತ್, ಆಚೆ ಪೌತಿ

ಮರಿಕಲ್ ಮೇಲಿಂದ ಮಕ್ತಲ್ ದಾಟಿ ಕೃಷ್ಣಾ ಸೇತುವೆಯ ಆಚೆ ಹೋದರೆ ಒಂದೇ ಕೆಲಸಕ್ಕೆ ಹೆಸರು ಬದಲಾಗುತ್ತದೆ. ತೀರಿಹೋದವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡುವುದಕ್ಕೆ ತೆಲಂಗಾಣದಲ್ಲಿ ವಿರಾಸತ್ ಎನ್ನುತ್ತಾರೆ, ಕರ್ನಾಟಕದಲ್ಲಿ ಪೌತಿ ಖಾತೆ.

ತೆಲಂಗಾಣದಲ್ಲಿ 2020ರ ಅಕ್ಟೋಬರ್ 29ರಿಂದ ಧರಣಿ ಪೋರ್ಟಲ್ ಇತ್ತು. ಅದರ ಜಾಗಕ್ಕೆ 2025ರ ಏಪ್ರಿಲ್ 14ರಂದು ಭೂ ಭಾರತಿ ಬಂದಿದೆ. ಮೀಸೇವಾ ಅಥವಾ ಪೋರ್ಟಲ್ ಮೂಲಕ ಅರ್ಜಿ ಹಾಕಿದರೆ, ವಾರಸುದಾರರಿಗೆ ನೋಟಿಸು ಕೊಟ್ಟು, ವಿಚಾರಣೆ ಮಾಡಿ ತಹಶೀಲ್ದಾರರು ಹೆಸರು ಬದಲಿಸುತ್ತಾರೆ. ಕರ್ನಾಟಕದಲ್ಲಿ ಗ್ರಾಮ ಆಡಳಿತ ಅಧಿಕಾರಿ ಅಥವಾ ನಾಡಕಚೇರಿಯ ಮೂಲಕ ವಂಶವೃಕ್ಷ, ಮರಣ ಪ್ರಮಾಣಪತ್ರ ಕೊಟ್ಟು ಪಹಣಿಯಲ್ಲಿ ಹೆಸರು ಸೇರಿಸಿಕೊಳ್ಳಬೇಕು. ಪಟ್ಟಣದ ಪ್ಲಾಟಿಗೆ ಇವೆರಡೂ ಅಲ್ಲ. ಅಲ್ಲಿಯ ನಗರಾಡಳಿತದಲ್ಲಿ ಖಾತೆ ಬದಲಾಗಬೇಕು.

ಎರಡೂ ಕಡೆಗೆ ಬೇಕಾಗುವ ಮೊದಲ ಕಾಗದ ಮರಣ ಪ್ರಮಾಣಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಅಲೆದಾಟ ಇಲ್ಲ. ಎಂಟು ಹತ್ತು ಪ್ರತಿ ತೆಗೆದಿಟ್ಟುಕೊಳ್ಳಿ.

ನಮ್ಮ ಭಾಗದ ವಿಶೇಷ ತೊಂದರೆ ಹೆಸರಿನದು. ತೆಲಂಗಾಣದ ಕಾಗದದಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ, ಕರ್ನಾಟಕದ ಕಾಗದದಲ್ಲಿ ತಂದೆಯ ಹೆಸರೋ ಊರ ಹೆಸರೋ ಸೇರಿರುತ್ತದೆ. ಒಬ್ಬರೇ ಒಂದು ಕಡೆ ಬಸಪ್ಪ, ಇನ್ನೊಂದು ಕಡೆ ಬಸವರಾಜು. ಬದುಕಿರುವಾಗ ಒಂದು ಅಫಿಡವಿಟ್ಟಿನಿಂದಲೋ ಆಧಾರ್ ತಿದ್ದುಪಡಿಯಿಂದಲೋ ಸರಿಹೋಗುವ ಕೆಲಸ, ಅವರು ಹೋದ ಮೇಲೆ "ಇಬ್ಬರೂ ಒಬ್ಬರೇ" ಎಂದು ಸಾಬೀತು ಮಾಡುವ ಕೆಲಸವಾಗುತ್ತದೆ. ನೋಂದಣಿಯಾಗದ ಸಾದಾ ಬೈನಾಮಾದ ಮೇಲೆ ಕೊಂಡ ಹೊಲವಿದ್ದರೆ, ಬರೆದುಕೊಟ್ಟವರು ಮತ್ತು ಸಾಕ್ಷಿಗಳು ಇರುವಾಗಲೇ ವಿಚಾರಿಸಿ.

ತಡ ಮಾಡಿದರೆ ಏನಾಗುತ್ತದೆ? ತಾತನ ಹೆಸರಿನಲ್ಲೇ ಪಟ್ಟಾ ಉಳಿದಿದೆ ಎಂದುಕೊಳ್ಳಿ. ತಾತನಿಗೆ ಐದು ಮಕ್ಕಳು, ಅವರೂ ತೀರಿಹೋಗಿ ಒಬ್ಬೊಬ್ಬರಿಗೆ ನಾಲ್ಕು ಮಕ್ಕಳು. ಐದು ಸಹಿಯಿಂದ ಆಗುತ್ತಿದ್ದ ಕೆಲಸಕ್ಕೆ ಇಪ್ಪತ್ತು ಸಹಿ ಬೇಕು. ಅಷ್ಟರವರೆಗೆ ಬೆಳೆ ಸಾಲ ಸಿಗದು, ರೈತು ಭರೋಸಾ ಹಣ ಖಾತೆಗೆ ಬರದು, ಮಾರಲೂ ಆಗದು. ತೆರಿಗೆ ಇಲ್ಲದಿದ್ದರೂ ಮನೆತನ ಕಟ್ಟುವ ನಿಜವಾದ ದಂಡ ಇದು.

ಯಾರಿಗೆ ಎಷ್ಟು ಪಾಲು?

ವಿಲ್ ಇಲ್ಲದೆ ಹಿಂದೂ ಗಂಡಸು ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮನಾಗಿ ಹೋಗುತ್ತದೆ. ತಾಯಿಯನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ. ನಾಲ್ಕು ಎಕರೆ ಇದ್ದು ತಾಯಿ, ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಇದ್ದರೆ ಒಬ್ಬೊಬ್ಬರಿಗೆ ಒಂದೊಂದು ಎಕರೆ.

ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಗಡಿಯಲ್ಲಿ ಗೊಂದಲ ಹೆಚ್ಚು, ಅದಕ್ಕೆ ಕಾರಣವೂ ಇದೆ. ಆಗಿನ ಆಂಧ್ರಪ್ರದೇಶ 1985ರ ಸೆಪ್ಟೆಂಬರ್ 5ರಿಂದ, ಕರ್ನಾಟಕ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟವು. ಆದರೆ ಆ ದಿನಕ್ಕಿಂತ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿದ್ದವು. ಹೀಗಾಗಿ ಮಕ್ತಲ್‌ನಲ್ಲಿ ಒಂದು ಮಾತು, ಗುರುಮಠಕಲ್‌ನಲ್ಲಿ ಇನ್ನೊಂದು ಮಾತು ಬಳಕೆಯಲ್ಲಿ ಉಳಿಯಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ತಂದೆ ಆ ದಿನ ಬದುಕಿರಬೇಕು ಎಂಬ ಷರತ್ತೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕಾನೂನುಬದ್ಧವಾಗಿ ಆಗಿಹೋದ ಪಾಲುವಾಟಿ ಮಾತ್ರ ಹಾಗೇ ಉಳಿಯುತ್ತದೆ.

"ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಹಾಕಿದ್ದೇವೆ" ಎಂಬುದು ಕಾನೂನಿನಲ್ಲಿ ಪಾಲಿಗೆ ಬದಲಿ ಅಲ್ಲ. ಅಕ್ಕ-ತಂಗಿಯರು ತಾವಾಗಿ ಬಿಟ್ಟುಕೊಟ್ಟರೆ ಅದು ನೋಂದಾಯಿತ ಹಕ್ಕು ಬಿಡುಗಡೆ ಪತ್ರವಾಗಿ ಇರಬೇಕು. ಅವರಿಗೆ ಹೇಳದೆ ವಂಶವೃಕ್ಷದಿಂದ ಹೆಸರು ಬಿಡುವುದು ತಪ್ಪು, ಅದರಿಂದ ಆದ ಖಾತೆಯೂ ಮುಂದೆ ನಿಲ್ಲುವುದಿಲ್ಲ.

ಮುಸ್ಲಿಂ ಸದಸ್ಯರಿಗೆ ಅವರ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. ಅದರಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ವಿಲ್ ಮೂಲಕ ಬೇರೆಯವರಿಗೆ ಕೊಡಲಾಗದು.

ವಿಲ್ ಬರೆಯುವುದು ಅಪಶಕುನವಲ್ಲ

ವಿಲ್‌ಗೆ ಸ್ಟಾಂಪ್ ಕಾಗದ ಬೇಡ. ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ, ಇಬ್ಬರು ಸಾಕ್ಷಿಗಳು ಸಹಿ ಹಾಕಿದರೆ ಸಾಕು. ಪಾಲು ಪಡೆಯುವವರು ಸಾಕ್ಷಿ ಹಾಕಬಾರದು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಒಳ್ಳೆಯದು. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಎರಡು ರಾಜ್ಯಗಳ ಆಸ್ತಿಗೆ ಎರಡು ವಿಲ್ ಬೇಕಾಗಿಲ್ಲ, ಒಂದರಲ್ಲೇ ಎರಡೂ ಕಡೆಯ ಸರ್ವೆ ನಂಬರು, ಪ್ಲಾಟು ನಂಬರು ಬರೆಯಬಹುದು. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿನಷ್ಟಕ್ಕೆ ಮಾತ್ರ ವಿಲ್ ಬರೆಯಬಹುದು ಎಂಬುದು ನೆನಪಿರಲಿ.

ವಿಲ್ ಕನ್ನಡದಲ್ಲೇ ಬರೆಯಬಹುದು. ಯಜಮಾನರಿಗೆ ತಿಳಿಯುವ ಭಾಷೆಯಲ್ಲಿ ಇರುವುದೇ ಒಳ್ಳೆಯದು, ಮುಂದೆ "ಅವರಿಗೆ ಅರ್ಥವಾಗದೆ ಸಹಿ ಮಾಡಿದರು" ಎಂಬ ತಕರಾರು ಬರುವುದಿಲ್ಲ. ಆದರೆ ನೋಂದಣಿ ಕಾಯ್ದೆಯಂತೆ, ದಾಖಲೆಯ ಭಾಷೆ ಅಧಿಕಾರಿಗೆ ತಿಳಿಯದಿದ್ದು ಆ ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲೂ ಇರದಿದ್ದರೆ ಸರಿಯಾದ ಅನುವಾದ ಮತ್ತು ನಕಲು ಜೊತೆಗಿರಬೇಕು. ಆದ್ದರಿಂದ ತೆಲಂಗಾಣದಲ್ಲಿ ನೋಂದಾಯಿಸುವಾಗ ತೆಲುಗು ಅನುವಾದ ಜೊತೆಗೆ ಒಯ್ಯಿರಿ.

ತಾಯಂದಿರೂ ವಿಲ್ ಬರೆಯಬೇಕು. ಹೊಲ, ಬಂಗಾರ, ಠೇವಣಿ ಅವರ ಹೆಸರಿನಲ್ಲೂ ಇರುತ್ತದೆ. ಮಕ್ಕಳಿಲ್ಲದ ಹೆಣ್ಣುಮಗಳ ಆಸ್ತಿಯ ವಾರಸು ನಿಯಮ ಗಂಡಸರದಕ್ಕಿಂತ ಬೇರೆಯೇ ಇದೆ, ಅವರಿಗಂತೂ ವಿಲ್ ಅತ್ಯಗತ್ಯ.

ಈಗಲೇ ದಾನಪತ್ರ ಮಾಡಿದರೆ?

ಹತ್ತಿರದ ಸಂಬಂಧಿಗಳಿಗೆ ಕೊಟ್ಟ ದಾನಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಸ್ಟಾಂಪ್ ಶುಲ್ಕ, ನೋಂದಣಿ ಶುಲ್ಕ ಇವೆ. ಮುಖ್ಯವಾಗಿ, ಕೊಟ್ಟ ದಿನವೇ ಆಸ್ತಿ ಕೈಬಿಟ್ಟು ಹೋಗುತ್ತದೆ. ವಯಸ್ಸಾದವರು ಇದ್ದದ್ದೆಲ್ಲ ಬರೆದುಕೊಟ್ಟು ಕೈ ಖಾಲಿ ಮಾಡಿಕೊಳ್ಳಬಾರದು ಎಂಬುದು ನಮ್ಮ ಸಲಹೆ. ಕೊಡಲೇಬೇಕಾದರೆ "ನಮ್ಮನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯಂತೆ, ಷರತ್ತು ಮುರಿದರೆ ನ್ಯಾಯಮಂಡಳಿ ಆ ದಾನವನ್ನು ರದ್ದು ಮಾಡಬಹುದು.

ನಾಮಿನಿ ಎಂದರೆ ಮಾಲೀಕನಲ್ಲ

ಬ್ಯಾಂಕಿನಲ್ಲಿ ನಾಮಿನಿ ಹೆಸರಿದ್ದರೆ ಹಣ ಬೇಗ ಕೈಗೆ ಬರುತ್ತದೆ. ಆದರೆ ಅದು ಎಲ್ಲ ವಾರಸುದಾರರ ಪರವಾಗಿ ಪಡೆದ ಹಣ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಪಾಲಿನ ಸಮೇತ ಹೆಸರಿಸಬಹುದು. ನಾಮಿನಿಯೇ ಇಲ್ಲದ ದೊಡ್ಡ ಮೊತ್ತಕ್ಕೆ ಬ್ಯಾಂಕು ಸಿವಿಲ್ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ಅದನ್ನು ತೀರಿಹೋದವರು ವಾಸವಿದ್ದ ಕಡೆಯ ಕೋರ್ಟಿನಲ್ಲಿ ಪಡೆದರೆ ದೇಶವೆಲ್ಲ ನಡೆಯುತ್ತದೆ. ರಾಯಚೂರಿಗೆ ಬೇರೆ, ಗದ್ವಾಲಕ್ಕೆ ಬೇರೆ ಬೇಡ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೆ ಹಕ್ಕು ಹೋಗುವುದಿಲ್ಲ. ಅಂಥದ್ದನ್ನು ಹುಡುಕಲು ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್ ಇದೆ.

ತೆಲಂಗಾಣದ ರೈತರಿಗೆ ಇನ್ನೊಂದು ಮಾತು. 2018ರ ಆಗಸ್ಟ್‌ನಲ್ಲಿ ಶುರುವಾದ ರೈತು ಬೀಮಾದಲ್ಲಿ 18ರಿಂದ 59 ವಯಸ್ಸಿನ ಪಟ್ಟಾದಾರ ರೈತ ತೀರಿಕೊಂಡರೆ ನಾಮಿನಿಗೆ 5 ಲಕ್ಷ ರೂಪಾಯಿ ಬರುತ್ತದೆ. ಪಾಸ್‌ಬುಕ್ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ, ಹೊಲ ಉಳುವ ಮೊಮ್ಮಗನಿಗೆ ಈ ವಿಮೆಯೇ ಇಲ್ಲ. ವಿರಾಸತ್ ತಡವಾದರೆ ಒಂದು ಕುಟುಂಬ ಎಷ್ಟು ಕಳೆದುಕೊಳ್ಳಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ನಾಮಿನಿಯ ಹೆಸರು ಸರಿಯಿದೆಯೇ ಎಂದು ಕೃಷಿ ವಿಸ್ತರಣಾಧಿಕಾರಿಯ ಹತ್ತಿರ ನೋಡಿಕೊಳ್ಳಿ.

ಮಕ್ಕಳು ವಿದೇಶದಲ್ಲಿದ್ದರೆ

ಅನಿವಾಸಿ ಮಗ ಅಥವಾ ಮಗಳು ಇಲ್ಲಿಯ ಹೊಲವನ್ನು ವಾರಸಾಗಿ ಪಡೆಯಬಹುದು, ಕೊಳ್ಳಲಾಗದು. ಮಾರುವುದಾದರೆ ದೇಶದಲ್ಲಿ ವಾಸವಿರುವವರಿಗೇ ಮಾರಬೇಕು.

ವಾರಸು ತೆರಿಗೆಯ ನಿಜವಾದ ಚಿಂತೆ ಇರುವುದು ಅಲ್ಲಿಯ ಆಸ್ತಿಗೆ. ಅಮೆರಿಕದಲ್ಲಿ ನೆಲೆಸಿದವರಿಗೆ 2026ರಲ್ಲಿ 1.5 ಕೋಟಿ ಡಾಲರ್‌ವರೆಗೆ ಈ ತೆರಿಗೆ ಇಲ್ಲ. ಆದರೆ ಅಲ್ಲಿಯ ಪ್ರಜೆಯೂ ಅಲ್ಲದ, ನೆಲೆಸಿದವರೂ ಅಲ್ಲದವರಿಗೆ ಅಮೆರಿಕದಲ್ಲಿರುವ ಆಸ್ತಿಯ ಮೇಲೆ ವಿನಾಯಿತಿ 60,000 ಡಾಲರ್ ಮಾತ್ರ. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೂತು ಅಮೆರಿಕದ ಕಂಪನಿಯ ಷೇರು ಪಡೆದವರಿಗೂ ಇದು ಅನ್ವಯಿಸುತ್ತದೆ. ಬ್ರಿಟನ್‌ನಲ್ಲಿ ಸಾಮಾನ್ಯ ಮಿತಿ 3,25,000 ಪೌಂಡ್, ಅದರ ಮೇಲೆ ಶೇ. 40. ಅಲ್ಲಿರುವ ಮಕ್ಕಳು ಅಲ್ಲಿಯ ತಜ್ಞರನ್ನೇ ಕೇಳಬೇಕು.

ಈ ತಿಂಗಳೇ ಮಾಡಬಹುದಾದ ಕೆಲಸಗಳು

1. ಒಂದು ನೋಟುಪುಸ್ತಕದಲ್ಲಿ ಎಲ್ಲ ಆಸ್ತಿ, ಠೇವಣಿ, ವಿಮೆ, ಸಾಲ, ಕೈಗಡ ಬರೆಯಿರಿ. ತೆಲಂಗಾಣಕ್ಕೆ ಒಂದು ಪುಟ, ಕರ್ನಾಟಕಕ್ಕೆ ಒಂದು ಪುಟ.
2. ಪಾಸ್‌ಬುಕ್, ಪಹಣಿ, ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕದಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿ.
3. ತೀರಿಹೋದ ಹಿರಿಯರ ಹೆಸರಿನಲ್ಲಿ ಏನಾದರೂ ಉಳಿದಿದ್ದರೆ ವಿರಾಸತ್ ಅಥವಾ ಪೌತಿ ಅರ್ಜಿ ಹಾಕಿ.
4. ಎಲ್ಲ ಕಡೆ ನಾಮಿನಿ ಸರಿಪಡಿಸಿ.
5. ಹಳೆಯ ಕ್ರಯಪತ್ರಗಳನ್ನು ಒಂದೇ ಕಡೆ ಇಟ್ಟು, ಎಲ್ಲಿವೆ ಎಂದು ಮನೆಯ ಇಬ್ಬರಿಗಾದರೂ ಹೇಳಿ.
6. ಅಕ್ಕ-ತಂಗಿಯರನ್ನೂ ಕರೆದು ಕೂತು ಮಾತಾಡಿ, ಆಮೇಲೆ ವಿಲ್ ಬರೆಯಿರಿ.

ಇಲ್ಲಿ ಬರೆದದ್ದು ಸಾಮಾನ್ಯ ತಿಳಿವಳಿಕೆಗಾಗಿ. ಆದಾಯ ತೆರಿಗೆಗೆ 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಜಾರಿಗೆ ಬಂದಿರುವುದರಿಂದ ಮಾರಾಟಕ್ಕೆ ಮುಂಚೆ ಆಡಿಟರ್‌ರನ್ನು, ಪಾಲಿನ ವಿಷಯಕ್ಕೆ ವಕೀಲರನ್ನು ಕೇಳಿ. ಸಂಘದ ಸಭೆಗೆ ಬರುವಾಗ ನಿಮ್ಮ ಪಟ್ಟಿಯನ್ನು ಜೊತೆಗೆ ತನ್ನಿ. ತೆಲುಗು ಅರ್ಜಿ ಓದಲು, ಕನ್ನಡ ಪಹಣಿ ತಿಳಿಯಲು ತೊಂದರೆ ಇದ್ದರೆ ಕೂತು ಓದಿ ಹೇಳುತ್ತೇವೆ.